ಹಸಿ ನೆಲದ ಮೇಲೆ ಉತ್ಸವ: ಸೆಂಟ್ರಲ್ ಪಾರ್ಕಿನ ಗ್ರೇಟ್ ಲಾನ್ ಪ್ರಕರಣ

2023ರ ಸೆಪ್ಟೆಂಬರ್ 23, ಶನಿವಾರ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿರುವ ಗ್ರೇಟ್ ಲಾನ್ ಮೇಲೆ ಗ್ಲೋಬಲ್ ಸಿಟಿಜನ್ ಸಂಗೀತೋತ್ಸವ ನಡೆಯಿತು. ಒಫೀಲಿಯಾ ಚಂಡಮಾರುತ ತಂದ ಮಳೆ ಆ ವಾರಾಂತ್ಯವಿಡೀ ನಗರದ ಮೇಲಿತ್ತು, ಆದರೂ ಉತ್ಸವ ನಿಲ್ಲಲಿಲ್ಲ. ಹತ್ತಾರು ಸಾವಿರ ಜನ ಮಳೆಯಲ್ಲೇ ನಿಂತರು. ವೇದಿಕೆ ಕಟ್ಟಲು, ಬಿಚ್ಚಲು ಬಂದ ಭಾರೀ ಯಂತ್ರಗಳು ಅದೇ ನೆಲದ ಮೇಲೆ ಓಡಾಡಿದವು. ಪಾರ್ಕನ್ನು ನೋಡಿಕೊಳ್ಳುವ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಆಮೇಲೆ ಕೊಟ್ಟ ಲೆಕ್ಕದ ಪ್ರಕಾರ ಹುಲ್ಲುಹಾಸಿನ ಮೂರನೇ ಒಂದು ಭಾಗ ನಾಶವಾಗಿತ್ತು. 2024ರ ಏಪ್ರಿಲ್‌ವರೆಗೆ ಲಾನ್ ಮುಚ್ಚಲಾಯಿತು.

ಉದ್ಯಾನ ನಿರ್ವಹಣೆಯನ್ನು ಉದ್ಯೋಗವಾಗಿ ಹಿಡಿಯುವವರು ಈ ಪ್ರಕರಣವನ್ನು ಬಿಡಿಸಿ ನೋಡಬೇಕು. ಗಿಡ, ಮಣ್ಣು, ನೀರು ಗೊತ್ತಿದ್ದರೆ ಈ ಕೆಲಸ ಬಂದಂತೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ವ್ಯವಸ್ಥಾಪಕರ ದಿನದ ಬಹುಪಾಲು ಬೇರೊಂದು ಪ್ರಶ್ನೆಯ ಸುತ್ತ ಕಳೆಯುತ್ತದೆ: ಈ ನೆಲ ಎಷ್ಟು ಬಳಕೆ ತಾಳುತ್ತದೆ, ತಾಳದ ದಿನ ಬೇಡ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ? ಸಾರ್ವಜನಿಕ ಹುಲ್ಲುಹಾಸಿನ ಗತಿ ಮಳೆ ಬಂದ ದಿನಕ್ಕಿಂತ ತಿಂಗಳುಗಳ ಮುಂಚೆ, ಪರವಾನಗಿ ಪತ್ರ ಬರೆಯುವಾಗಲೇ, ಹೆಚ್ಚುಕಡಿಮೆ ನಿರ್ಧಾರವಾಗಿರುತ್ತದೆ.

ನೆಲ ಮತ್ತು ಅದರ ಕಟ್ಟಳೆ

ಗ್ರೇಟ್ ಲಾನ್ ಸುಮಾರು 12 ಎಕರೆ. 1842ರಲ್ಲಿ ಶುರುವಾದ ನಗರದ ನೀರಿನ ಜಲಾಶಯವೊಂದು ಅಲ್ಲಿತ್ತು. 1930ರ ದಶಕದಲ್ಲಿ ಅದನ್ನು ಬರಿದು ಮಾಡಿ, ತುಂಬಿ, ಹುಲ್ಲು ಬೆಳೆಸಿದರು. ಅಂದರೆ ಇದು ತಾನಾಗಿ ಆದ ಭೂಮಿಯಲ್ಲ, ಎಲ್ಲಿಂದಲೋ ತಂದು ಸುರಿದ ಮಣ್ಣು. ಇಂಥ ಕಡೆ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೇಲಿನ ಹಸಿರು ನೋಡಿ ಹೇಳಲಾಗದು. 1981ರ ಸೈಮನ್ ಮತ್ತು ಗಾರ್ಫಂಕಲ್ ಕಛೇರಿ, 1982ರ ಅಣ್ವಸ್ತ್ರ ವಿರೋಧಿ ಸಮಾವೇಶದಂಥ ಲಕ್ಷಗಟ್ಟಲೆ ಜನರ ಕೂಟಗಳು ಈ ಬಯಲಲ್ಲಿ ನಡೆದವು. ವರ್ಷಗಟ್ಟಲೆ ತುಳಿತ ಸಾಗಿ, ಆರೈಕೆ ಸಾಲದೆ, ಹುಲ್ಲು ಹೋಗಿ ಬರೀ ಧೂಳು ಉಳಿಯಿತು. ಕೊನೆಗೆ ಮಣ್ಣು, ಬಸಿಗಾಲುವೆ, ನೀರಾವರಿ ಎಲ್ಲವನ್ನೂ ಹೊಸದಾಗಿ ಕಟ್ಟಿ 1997ರಲ್ಲಿ ಮತ್ತೆ ತೆರೆದರು.

ಅಲ್ಲಿಂದೀಚೆಗೆ ಕಟ್ಟಳೆ ಬಿಗಿಯಾಯಿತು. ಚಳಿಗಾಲವಿಡೀ ಲಾನ್ ಮುಚ್ಚಿರುತ್ತದೆ. ನೆಲ ಹಸಿಯಾಗಿದ್ದರೆ ಬೇಸಿಗೆಯಲ್ಲೂ ಕೆಂಪು ಬಾವುಟ ಏರುತ್ತದೆ, ಆ ದಿನ ಯಾರಿಗೂ ಒಳಗೆ ಪ್ರವೇಶವಿಲ್ಲ. ದೊಡ್ಡ ಕಾರ್ಯಕ್ರಮಗಳ ಸಂಖ್ಯೆಗೂ ಜನಸಂಖ್ಯೆಗೂ ಮಿತಿ ಇದೆ. ಈ ಮಿತಿಯನ್ನು ಕೋರ್ಟಿನಲ್ಲೂ ಪ್ರಶ್ನಿಸಿದ್ದಾರೆ. 2004ರಲ್ಲಿ ದೊಡ್ಡದೊಂದು ರಾಜಕೀಯ ಪ್ರತಿಭಟನೆಗೆ ಹುಲ್ಲು ಹಾಳಾಗುತ್ತದೆ ಎಂಬ ಕಾರಣ ಕೊಟ್ಟು ನಗರಾಡಳಿತ ಜಾಗ ಕೊಡಲಿಲ್ಲ, ಸಂಘಟಕರು ದಾವೆ ಹೂಡಿದರು. 2008ರಲ್ಲಿ ರಾಜಿಯಾಗಿ ಜನರ ಮಿತಿ 50,000ದಿಂದ 55,000ಕ್ಕೆ ಏರಿತು. ಇದರಲ್ಲಿ ವ್ಯವಸ್ಥಾಪಕರಿಗೆ ಗಂಭೀರ ಪಾಠವಿದೆ. ಸಂಗೀತಕ್ಕೆ ಹೌದು, ಪ್ರತಿಭಟನೆಗೆ ಬೇಡ ಎನ್ನುವುದಾದರೆ ಹುಲ್ಲಿನ ಮಾತು ನೆಪವಾಗಿಬಿಡುತ್ತದೆ. ಎಷ್ಟು ಜನ, ಎಷ್ಟು ಭಾರ, ಎಷ್ಟು ತೇವ ಎಂಬ ಅಳತೆ ಎಲ್ಲರಿಗೂ ಒಂದೇ ಆಗಿರಬೇಕು, ಮೊದಲೇ ಪ್ರಕಟವಾಗಿರಬೇಕು. ಹಾಗಿದ್ದಾಗ ಮಾತ್ರ ನಿಯಮ ನಿಲ್ಲುತ್ತದೆ, ನಿಲ್ಲಬೇಕಾದದ್ದೂ ಹೌದು.

ಇನ್ನೊಂದು ಸಂಗತಿ. ಪಾರ್ಕಿನ ಒಡೆತನ ಮತ್ತು ಪರವಾನಗಿ ಕೊಡುವ ಅಧಿಕಾರ ನಗರಾಡಳಿತದ್ದು. ದಿನದಿನದ ಆರೈಕೆ 1980ರಲ್ಲಿ ಹುಟ್ಟಿದ ಕನ್ಸರ್ವೆನ್ಸಿಯದ್ದು. ಒಪ್ಪಿಗೆ ಕೊಡುವ ಕೈ ಒಂದು, ರಿಪೇರಿ ಮಾಡುವ ಕೈ ಇನ್ನೊಂದು. ಜಗತ್ತಿನ ಬಹಳಷ್ಟು ಪಾರ್ಕುಗಳಲ್ಲಿ ಸ್ಥಿತಿ ಹೀಗೇ ಇದೆ, ಮಳೆಯ ದಿನ ಕಷ್ಟ ಶುರುವಾಗುವುದೂ ಈ ಬಿರುಕಿನಲ್ಲೇ.

ಮಣ್ಣಿನೊಳಗೆ ಏನಾಗುತ್ತದೆ

ಒಳ್ಳೆಯ ಹುಲ್ಲುಹಾಸಿನ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಜಾಗ ಖಾಲಿ ರಂಧ್ರ. ದೊಡ್ಡ ರಂಧ್ರಗಳಲ್ಲಿ ಗಾಳಿ ಆಡುತ್ತದೆ, ಸಣ್ಣವುಗಳಲ್ಲಿ ನೀರು ನಿಲ್ಲುತ್ತದೆ. ಗಾಳಿಯ ಪಾಲು ಶೇ 10ಕ್ಕಿಂತ ಇಳಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಒಣಗಿದ ಮಣ್ಣಿನ ಕಣಗಳು ಒಂದನ್ನೊಂದು ಹಿಡಿದು ನಿಂತಿರುವುದರಿಂದ ಸಾಕಷ್ಟು ಭಾರ ಹೊರುತ್ತವೆ. ತೇವ ಹೆಚ್ಚಿದಾಗ ನೀರೇ ಕಣಗಳ ನಡುವೆ ಜಾರುಪದರವಾಗುತ್ತದೆ. ಒತ್ತಡ ಬಿದ್ದರೆ ದೊಡ್ಡ ರಂಧ್ರಗಳು ಮೊದಲು ಕುಸಿಯುತ್ತವೆ. ನೀರು ಇನ್ನೂ ಏರಿ ನೆಲ ಪೂರ್ತಿ ತುಂಬಿದರೆ ಮಣ್ಣು ಒತ್ತುವುದರ ಬದಲು ಪಕ್ಕಕ್ಕೆ ಹರಿಯುತ್ತದೆ: ಚಕ್ರದ ತಗ್ಗು, ಅದರ ಎರಡೂ ಬದಿಗೆ ಉಬ್ಬು, ನಡುವೆ ಹರಿದ ಬೇರು. ಭತ್ತದ ಗದ್ದೆಯಲ್ಲಿ ನೀರು ಇಂಗದಿರಲಿ ಎಂದು ರೈತರು ಬೇಕೆಂದೇ ಕೆಸರು ತುಳಿಸುತ್ತಾರಲ್ಲ, ಸಾವಿರಾರು ಕಾಲುಗಳು ಹಸಿ ಲಾನಿಗೆ ಮಾಡುವುದು ಅದನ್ನೇ.

ಜನರ ಹಾನಿಗೂ ಯಂತ್ರದ ಹಾನಿಗೂ ವ್ಯತ್ಯಾಸವಿದೆ, ರಿಪೇರಿಯ ದಾರಿಯೂ ಬೇರೆ ಬೇರೆ. 70 ಕಿಲೋ ತೂಕದ ವ್ಯಕ್ತಿ ಎರಡೂ ಕಾಲೂರಿ ನಿಂತರೆ ನೆಲದ ಮೇಲೆ ಬೀಳುವ ಒತ್ತಡ ಸುಮಾರು 17 ಕಿಲೋಪಾಸ್ಕಲ್. ನಡೆಯುವಾಗ, ಕುಣಿಯುವಾಗ ಹಿಮ್ಮಡಿಯಡಿ ಅದು ಹಲವು ಪಟ್ಟು ಏರುತ್ತದೆ. ಆದರೂ ಆ ಪೆಟ್ಟು ಮೇಲಿನ 5ರಿಂದ 10 ಸೆಂಟಿಮೀಟರಿನಲ್ಲೇ ನಿಲ್ಲುತ್ತದೆ. ಲಾರಿಯ ಟಯರು ನೆಲ ಒತ್ತುವುದು ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ, ಅಂದರೆ 700 ಕಿಲೋಪಾಸ್ಕಲ್ ಆಸುಪಾಸು. ಟಯರಿನ ಗಾಳಿ ಇಳಿಸಿದರೆ ಮೇಲ್ಮಣ್ಣು ಸ್ವಲ್ಪ ಉಳಿದೀತು. ಆಳದ ಮಣ್ಣನ್ನು ಬಿಗಿಯುವುದು ಅಚ್ಚಿನ (ಆಕ್ಸಲ್‌ನ) ಮೇಲಿನ ಒಟ್ಟು ಭಾರ. ಹಸಿ ನೆಲದ ಮೇಲೆ ಅಚ್ಚಿಗೆ 10 ಟನ್ ಬಿದ್ದರೆ ಬಿಗಿತ ಅರ್ಧ ಮೀಟರ್ ಆಳಕ್ಕೂ ಇಳಿಯುತ್ತದೆ. ಅಷ್ಟು ಕೆಳಗೆ ಯಾವ ಸಾಮಾನ್ಯ ಲಾನ್ ಯಂತ್ರವೂ ತಲುಪುವುದಿಲ್ಲ. ಫೋರ್ಕ್‌ಲಿಫ್ಟ್ ಇನ್ನೂ ಕೆಟ್ಟದ್ದು. ಚಿಕ್ಕ ಗಟ್ಟಿ ಚಕ್ರ, ಮುಂದಿನ ಅಚ್ಚಿನ ಮೇಲೆ ಪೂರ್ತಿ ಹೊರೆ, ನಿಂತಲ್ಲೇ ತಿರುಗುವ ಚಾಳಿ. ಆ ಒಂದು ತಿರುವು ಹುಲ್ಲನ್ನು ಬೇರುಸಮೇತ ತಿರುಚಿ ಕೀಳುತ್ತದೆ.

ಅರ್ಧ ವರ್ಷ ಯಾಕೆ ಬೇಕಾಯಿತು

ಹಾನಿಯ ಅಳತೆಗಿಂತ ಅದಾದ ತಾರೀಕು ಇಲ್ಲಿ ಹೆಚ್ಚು ತೊಂದರೆ ಕೊಟ್ಟಿತು. ಆ ಹವೆಯಲ್ಲಿ ಬೆಳೆಯುವುದು ತಂಪು ಕಾಲದ ಹುಲ್ಲು, ಮುಖ್ಯವಾಗಿ ಕೆಂಟಕಿ ಬ್ಲೂಗ್ರಾಸ್. ನೆಲದಡಿ ಕಾಂಡ ಚಾಚಿ ಸಣ್ಣ ಗಾಯಗಳನ್ನು ತಾನೇ ಮುಚ್ಚಿಕೊಳ್ಳುವುದು ಅದರ ದೊಡ್ಡ ಗುಣ. ಬೀಜ ಮೊಳೆಯಲು ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುವುದು ದೊಡ್ಡ ದೋಷ. ಅದನ್ನು ಬಿತ್ತುವ ಸರಿಯಾದ ಹೊತ್ತು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ಸೆಪ್ಟೆಂಬರ್ 23ಕ್ಕೆ ನೆಲ ಕೆಸರಾದರೆ, ಅದು ಆರಿ ಹದಕ್ಕೆ ಬರಲು ಒಂದೆರಡು ವಾರ, ಮಣ್ಣು ಸಡಿಲಿಸಿ ಸಮ ಮಾಡಲು ಮತ್ತೆ ಕೆಲವು ದಿನ ಬೇಕು. ಬೀಜ ಬಿದ್ದು ಮೊಳೆಯುವಷ್ಟರಲ್ಲಿ ನವೆಂಬರ್ ಬಂದಿರುತ್ತದೆ. ಎಳೆ ಸಸಿ ಚಳಿಗೆ ಸಿಕ್ಕಿ, ಹೆಪ್ಪುಗಟ್ಟುವ ಮಣ್ಣು ಉಬ್ಬಿದಾಗ ಕಿತ್ತು ಬರುತ್ತದೆ. ಪೆರೆನಿಯಲ್ ರೈಗ್ರಾಸ್ 5ರಿಂದ 10 ದಿನದಲ್ಲಿ ಮೊಳೆಯುತ್ತದಾದರೂ ಅದು ಗುಂಪು ಕಟ್ಟುವ ಹುಲ್ಲು, ಪಕ್ಕಕ್ಕೆ ಹರಡುವುದಿಲ್ಲ.

ಹಾಗಾಗಿ ಬಿತ್ತುವ ಹೊತ್ತು ದಾಟಿದ ಮೇಲೆ ದೊಡ್ಡ ಹಾನಿಯಾದರೆ ಎರಡೇ ದಾರಿ: ಬೆಳೆದ ಹುಲ್ಲಿನ ಹಾಳೆ ತಂದು ಹಾಸುವುದು, ಇಲ್ಲವೇ ವಸಂತದವರೆಗೆ ಕಾಯುವುದು. ಎರಡರಲ್ಲೂ ಬೇರು ಹಿಡಿಯುವವರೆಗೆ ಜನರನ್ನು ಬಿಡುವಂತಿಲ್ಲ. ಚಳಿಗಾಲದ ಮುಚ್ಚುಗಡೆ ಹೇಗೂ ಬರುವುದಿತ್ತು. ನಗರದ ಜನ ಕಳೆದುಕೊಂಡದ್ದು ಅದಕ್ಕೂ ಮುಂಚಿನ ಶರತ್ಕಾಲದ ವಾರಗಳನ್ನು. ಬಯಲಿನಲ್ಲಿ ಚೆಂಡಾಡುವ ಮಕ್ಕಳಿಗೆ ಅದು ಸಣ್ಣ ನಷ್ಟವಲ್ಲ. ನಷ್ಟದ ಲೆಕ್ಕ ಬರೆಯುವಾಗ ಬೀಜ, ಮಣ್ಣು, ಕೂಲಿಯ ಜೊತೆಗೆ ಈ ಮುಚ್ಚಿದ ದಿನಗಳನ್ನೂ ಬರೆಯಬೇಕು. ಬಹಳ ಕಡೆ ಇದನ್ನು ಬಿಟ್ಟುಬಿಡುತ್ತಾರೆ.

ರಿಪೇರಿ, ಅಳತೆಯೊಂದಿಗೆ

12 ಎಕರೆಯ ಮೂರನೇ ಒಂದು ಭಾಗವೆಂದರೆ ಸುಮಾರು 16,000 ಚದರ ಮೀಟರ್. ಇಷ್ಟು ಹರವಿನ ಹಾನಿಗೆ ಈ ವೃತ್ತಿಯಲ್ಲಿ ಅನುಸರಿಸುವ ಕ್ರಮ ಹೀಗೆ.

ಮೊದಲ ಕೆಲಸ ಏನೂ ಮಾಡದೆ ಬೇಲಿ ಹಾಕುವುದು. ಹಾಳಾದ ನೆಲವನ್ನು ಬೇಗ ಸರಿಮಾಡುವ ಆತುರದಲ್ಲಿ ಹಸಿಯಲ್ಲೇ ಟ್ರಾಕ್ಟರ್ ಇಳಿಸುವುದು ಅತಿ ಸಾಮಾನ್ಯ ತಪ್ಪು, ಅದರಿಂದ ಹಾನಿ ಇಮ್ಮಡಿಯಾಗುತ್ತದೆ. ಹದ ನೋಡಲು ಒಂದು ಸರಳ ಪರೀಕ್ಷೆ ಸಾಕು. 10 ಸೆಂಟಿಮೀಟರ್ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. 3 ಮಿಲಿಮೀಟರ್ ದಪ್ಪದ ದಾರದಂತೆ ಒಡೆಯದೆ ಬಂದರೆ ಇನ್ನೂ ಹಸಿ, ಯಂತ್ರ ಬೇಡ. ಅಷ್ಟು ತೆಳುವಾಗುವ ಮೊದಲೇ ಪುಡಿಯಾದರೆ ಕೆಲಸ ಶುರು ಮಾಡಬಹುದು.

ಕಾಯುವ ದಿನಗಳಲ್ಲಿ ಕೈಯಿಂದ ಕಸ ಹೆಕ್ಕಿ, ಆಯಸ್ಕಾಂತದ ಪಟ್ಟಿ ಎಳೆದು ಮೊಳೆ, ತಂತಿ, ಕ್ಲಿಪ್ಪುಗಳನ್ನು ತೆಗೆಯಬೇಕು. ಉಳಿದ ಒಂದೇ ಒಂದು ಸ್ಕ್ರೂ ಬರಿಗಾಲಿನ ಮಗುವಿಗೂ ಅಪಾಯ, ಕಟಾವು ಯಂತ್ರದ ಅಲಗಿಗೂ ಅಪಾಯ. ನೀರಾವರಿಯ ಒಂದೊಂದೇ ವಲಯವನ್ನು ಎರಡು ನಿಮಿಷ ತೆರೆದು ಒಡೆದ ಪೈಪು, ಓರೆಯಾದ ಸ್ಪ್ರಿಂಕ್ಲರ್ ತಲೆ ಗುರುತು ಹಾಕಬೇಕು.

ಆಮೇಲೆ ಅಳತೆ. 15 ಸೆಂಟಿಮೀಟರ್ ವ್ಯಾಸದ ಪೈಪಿನ ತುಂಡನ್ನು 5 ಸೆಂಟಿಮೀಟರ್ ಆಳಕ್ಕೆ ಬಡಿದು ಒಳಗೆ 440 ಮಿಲಿಲೀಟರ್ ನೀರು ಸುರಿದರೆ ಅದು 25 ಮಿಲಿಮೀಟರ್ ಮಳೆಗೆ ಸಮ. ಮೊದಲ ಸಲ ಇಂಗಲು ಬಿಟ್ಟು, ಎರಡನೇ ಸಲ ಸುರಿದಾಗ ಗಡಿಯಾರ ನೋಡಬೇಕು. ಒಂದು ಗಂಟೆಯೊಳಗೆ ಇಂಗಿದರೆ ನೆಲ ಚೇತರಿಸೀತು. ಮೂರು ಗಂಟೆ ದಾಟಿಯೂ ನೀರು ನಿಂತಿದ್ದರೆ ಮೇಲಿನ ರಂಧ್ರಗಳು ಮುಚ್ಚಿವೆ. ಆಳದ ಬಿಗಿತಕ್ಕೆ ಪೆನೆಟ್ರೋಮೀಟರ್ ಬಳಸುತ್ತಾರೆ, ಅಂದರೆ ಮಣ್ಣಿಗೆ ಚೂಪು ಕಂಬಿ ಒತ್ತಿ ಅದು ಒಡ್ಡುವ ತಡೆಯನ್ನು ಅಳೆಯುವ ಉಪಕರಣ. 2 ಮೆಗಾಪಾಸ್ಕಲ್ ದಾಟಿದಲ್ಲಿ ಬೇರು ಹೆಚ್ಚುಕಡಿಮೆ ನಿಂತುಹೋಗುತ್ತದೆ. ಈ ಉಪಕರಣ ಒಂದು ರೀತಿಯಲ್ಲಿ ಮೋಸ ಮಾಡುತ್ತದೆ: ಅದೇ ಮಣ್ಣು ಒಣಗಿದಾಗ ಹೆಚ್ಚು, ಹಸಿಯಿದ್ದಾಗ ಕಡಿಮೆ ತೋರಿಸುತ್ತದೆ. ಉತ್ಸವಕ್ಕೆ ಮುಂಚೆ ಒಣ ನೆಲದಲ್ಲಿ, ಆಮೇಲೆ ಮಳೆ ನೆಲದಲ್ಲಿ ಅಳೆದರೆ ಹಾನಿ ಕಾಗದದ ಮೇಲೆ ಕಾಣುವುದೇ ಇಲ್ಲ, ನೆಲ ಸುಧಾರಿಸಿದಂತೆಯೂ ಕಂಡೀತು. ಎರಡೂ ಸಲ ಚೆನ್ನಾಗಿ ನೀರುಂಡು ಒಂದೆರಡು ದಿನ ಬಸಿದ ನೆಲದಲ್ಲೇ ಅಳೆಯಬೇಕು. ಜೊತೆಗೆ ಗೊತ್ತಾದ ಗಾತ್ರದ ಉಂಗುರದಲ್ಲಿ ಮಣ್ಣು ತೆಗೆದು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೂಗಿದರೆ ವಿವಾದಕ್ಕೆ ಜಾಗವಿಲ್ಲ.

ಅಳತೆ ಬಂದ ಮೇಲೆ ನೆಲವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಹುಲ್ಲು ಬಗ್ಗಿ ಕೆಸರಾಗಿದ್ದರೂ ಬುಡ ಜೀವಂತ ಇರುವಲ್ಲಿ ಟೊಳ್ಳು ಮೊಳೆಯ ಯಂತ್ರ ಸಾಕು: 12ರಿಂದ 19 ಮಿಲಿಮೀಟರ್ ಅಗಲದ, 7ರಿಂದ 10 ಸೆಂಟಿಮೀಟರ್ ಆಳದ ತೂತು, ಎರಡು ದಿಕ್ಕಿನಲ್ಲಿ ಎರಡು ಸುತ್ತು. ಹುಲ್ಲು ಸತ್ತು ಮೇಲ್ಪದರ ಮಾತ್ರ ಬಿಗಿದಲ್ಲಿ ಸತ್ತದ್ದನ್ನು ಕೆರೆದು, 20ರಿಂದ 30 ಸೆಂಟಿಮೀಟರ್ ಆಳಕ್ಕೆ ಇಳಿದು ಮಣ್ಣು ಎತ್ತಿ ಬಿರಿಯುವ ಉದ್ದ ಮೊಳೆಯ ಯಂತ್ರ ಓಡಿಸಬೇಕು. ಚಕ್ರದ ಜಾಡಿನಲ್ಲಿ ಇದೂ ಸಾಲದು. ಮೇಲ್ಮಣ್ಣು ಬೇರೆ ತೆಗೆದಿಟ್ಟು, ಅಡಿಮಣ್ಣು ಸಡಿಲಿಸಿ, ಪದರ ಅದಲುಬದಲಾಗದಂತೆ ಮರಳಿ ತುಂಬಬೇಕು. ತಗ್ಗಿಗೆ ಬರೀ ಮರಳು ಸುರಿದು ಸಮ ಮಾಡುವವರಿದ್ದಾರೆ. ಜಿಗುಟು ಮಣ್ಣಿನ ಮೇಲೆ ಮರಳಿನ ಪದರ ಕೂತರೆ ನೀರು ಎರಡರ ಗಡಿಯಲ್ಲಿ ನಿಂತು ಮುಂದಿನ ಮಳೆಗೆ ಅಲ್ಲೇ ಕೊಳೆ ಹಿಡಿಯುತ್ತದೆ. ಇದ್ದ ಮಣ್ಣಿನ ಜಾತಿಗೇ ಹೊಂದುವ ಮಣ್ಣು ತರಬೇಕು.

ಸಾಮಗ್ರಿಯ ಅಂದಾಜು: 5 ಮಿಲಿಮೀಟರ್ ದಪ್ಪದ ಮಣ್ಣಿನ ಮೇಲುಹೊದಿಕೆಗೆ 80 ಘನ ಮೀಟರ್, ಸುಮಾರು 120 ಟನ್. ಚದರ ಮೀಟರಿಗೆ 12 ಗ್ರಾಂ ಲೆಕ್ಕದಲ್ಲಿ ಬ್ಲೂಗ್ರಾಸ್ ಬೀಜ 190 ಕಿಲೋ ಮೇಲೆ. ಹುಲ್ಲಿನ ಹಾಳೆಯಾದರೆ ಚದರ ಮೀಟರಿಗೆ 15 ಕಿಲೋ ಎಂದು ಹಿಡಿದರೂ 240 ಟನ್. ಇಷ್ಟೂ ಭಾರ ಅದೇ ಲಾನ್ ಮೇಲೆಯೇ ಒಳಗೆ ಹೋಗಬೇಕು ಎಂಬುದು ಮರೆತುಹೋಗುತ್ತದೆ. ಸಾಗಿಸುವ ದಾರಿಗೆ ಹಾಸುಹಲಗೆ ಹಾಕಿ, ದೂರದ ತುದಿಯಿಂದ ಕೆಲಸ ಶುರುಮಾಡಿ ಬಾಗಿಲ ಕಡೆಗೆ ಹಿಂದೆ ಸರಿಯುತ್ತ ಬರಬೇಕು.

ಪರವಾನಗಿಯಲ್ಲಿ ಇರಬೇಕಾದ್ದು

ಅಂಚಿನಲ್ಲಿ ವೇದಿಕೆ ಇಟ್ಟು ಯಂತ್ರಗಳನ್ನು ಡಾಂಬರು ದಾರಿಗೆ ಕಟ್ಟಿಹಾಕಿದರೆ ಅರ್ಧ ಹಾನಿ ತಪ್ಪುತ್ತದೆ. ಹಾಗಾಗಿ ಪರವಾನಗಿಗೆ ನಕ್ಷೆ ಲಗತ್ತಾಗಿರಬೇಕು: ವಾಹನ ಎಲ್ಲಿ ಬರುತ್ತದೆ, ಎಲ್ಲಿ ತಿರುಗುತ್ತದೆ, ಪ್ರತಿ ವಾಹನದ ಅಚ್ಚಿನ ಭಾರ ಎಷ್ಟು. ಮರಗಳ ಸುತ್ತ ಕಾಂಡದ ವ್ಯಾಸದ 12 ಪಟ್ಟು ದೂರದವರೆಗೆ ಏನೂ ನಿಲ್ಲಬಾರದು. 60 ಸೆಂಟಿಮೀಟರ್ ಕಾಂಡಕ್ಕೆ 7.2 ಮೀಟರ್. ವಾಹನ ಹೋಗಲೇಬೇಕಾದಲ್ಲಿ ಒಂದಕ್ಕೊಂದು ಕೊಂಡಿ ಬೀಳುವ ಅಲ್ಯೂಮಿನಿಯಂ ಹಲಗೆ, ಜನ ನಿಲ್ಲುವಲ್ಲಿ ಬೆಳಕು ಗಾಳಿ ಹಾಯುವ ಪ್ಲಾಸ್ಟಿಕ್ ಹಾಸು. ಪ್ಲೈವುಡ್ ಅಗ್ಗವೆಂದು ಹಾಸಿದರೆ ಅಡಿಯಲ್ಲಿ ಹುಲ್ಲು ಬೇಯುತ್ತದೆ. ಬಿಸಿಲುಕಾಲದಲ್ಲಿ ಎರಡು ಮೂರು ದಿನ ದಾಟಿದರೆ ಹಳದಿ ಬಣ್ಣ ಗ್ಯಾರಂಟಿ. ಹಾಸುವ ಕ್ರಮವೂ ಕರಾರಿನಲ್ಲಿರಲಿ. ಹಾಸಿದ ಹಲಗೆಯ ಮೇಲೇ ವಾಹನ ಮುಂದೆ ಸಾಗಬೇಕು, ತೆಗೆಯುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಡೇರೆಗೆ ಭಾರವಾಗಿ ನಿಲ್ಲಿಸಿದ ನೀರಿನ ಟ್ಯಾಂಕುಗಳನ್ನು ಕಾರ್ಯಕ್ರಮ ಮುಗಿದ ಮೇಲೆ ಲಾನ್ ಮೇಲೇ ತೆರೆದು ಬಿಡುವುದು ಎಲ್ಲೆಡೆ ನಡೆಯುತ್ತದೆ. ಇದನ್ನು ಹೆಸರಿಟ್ಟು ನಿಷೇಧಿಸಬೇಕು.

ಎಲ್ಲಕ್ಕಿಂತ ಭಾರವಾದ ಕಲಮು ಮಳೆಯದ್ದು. "ಹವಾಮಾನ ಪ್ರತಿಕೂಲವಾದರೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದ ಪರವಾನಗಿ ಯಾವ ಲಾನನ್ನೂ ಉಳಿಸದು. ಕಲಾವಿದರು ಬಂದಿರುತ್ತಾರೆ, ಪ್ರಸಾರದ ಒಪ್ಪಂದ ಆಗಿರುತ್ತದೆ, ಬಾಗಿಲಲ್ಲಿ ಸಾವಿರಾರು ಜನ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಯಾವ ಅಧಿಕಾರಿಯೂ ಸ್ವಂತ ವಿವೇಚನೆಯ ಮೇಲೆ ಬೇಡ ಎನ್ನಲಾರರು. ಅವರಿಗೆ ಸಂಖ್ಯೆ ಬೇಕು. 10 ಸೆಂಟಿಮೀಟರ್ ಆಳದಲ್ಲಿ ನಾಲ್ಕೈದು ಕಡೆ ಟೆನ್ಸಿಯೋಮೀಟರ್ (ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಅಳೆಯುವ ಉಪಕರಣ, ಮಣ್ಣು ಹಸಿಯಾದಷ್ಟೂ ಸೂಚಿ ಇಳಿಯುತ್ತದೆ) ಹೂತು, ಸೂಚಿ 10 ಕಿಲೋಪಾಸ್ಕಲ್‌ಗಿಂತ ಕೆಳಗಿದ್ದರೆ ಲಾನ್ ಮೇಲೆ ವಾಹನ ಬಾರದು ಎಂದು ಬರೆಯಬಹುದು. ನಿರ್ಧಾರಕ್ಕೆ ಹಂತಗಳಿರಲಿ. 72 ಗಂಟೆ ಮುಂಚೆ ಮುನ್ಸೂಚನೆ ನೋಡಿ ಸಂಘಟಕರಿಗೆ ಎಚ್ಚರಿಕೆ, 48 ಗಂಟೆಗೆ ನೀರಾವರಿ ಪೂರ್ತಿ ಬಂದ್ ಆಗಿದೆಯೆಂಬ ಖಾತರಿ ಮತ್ತು ಹೆಚ್ಚುವರಿ ಹಾಸು, 24 ಗಂಟೆಗೆ ಅಳತೆಯ ಮೇಲೆ ಅಂತಿಮ ಮಾತು: ನಡೆಯುತ್ತದೆ, ಜನ ಕಡಿಮೆ ಮಾಡಿ ನಡೆಯುತ್ತದೆ, ಮುಂದಕ್ಕೆ ಹೋಗುತ್ತದೆ. ಆ ಮಾತು ಹೇಳುವ ಒಬ್ಬರ ಹುದ್ದೆ ಕರಾರಿನಲ್ಲೇ ನಮೂದಾಗಿರಬೇಕು. ಅವರು ನೆಲ ರಿಪೇರಿ ಮಾಡುವ ಕಡೆಯವರಾಗಿದ್ದರೆ ಒಳ್ಳೆಯದು.

ಕಾರ್ಯಕ್ರಮವನ್ನು ಉಳಿಸಿ ನೆಲವನ್ನೂ ಉಳಿಸುವ ಒಂದು ದಾರಿಯಿದೆ, ಅದನ್ನು ಬಳಸುವವರು ಕಡಿಮೆ. ಬಿಚ್ಚುವ ಕೆಲಸವನ್ನು ತಡ ಮಾಡುವುದು. ಜನ ಹೋದ ರಾತ್ರಿಯೇ ವೇದಿಕೆ ಇಳಿಸಲು ಗುತ್ತಿಗೆದಾರರು ಅವಸರ ಮಾಡುತ್ತಾರೆ. ಬಾಡಿಗೆ ಯಂತ್ರಗಳ ಗಂಟೆ ಓಡುತ್ತಿರುತ್ತದೆ, ಕೆಲಸಗಾರರು ದಣಿದಿರುತ್ತಾರೆ, ಉದ್ಯಾನದ ಸಿಬ್ಬಂದಿ ಮನೆಗೆ ಹೋಗಿರುತ್ತಾರೆ. ಕತ್ತಲಲ್ಲಿ ಫೋರ್ಕ್‌ಲಿಫ್ಟ್ ಹಾಸು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ನೆಲ ಹಸಿಯಿದ್ದರೆ ಯಂತ್ರಗಳು ಇದ್ದಲ್ಲೇ ನಿಲ್ಲಬೇಕು, ಹೆಚ್ಚಿನ ಬಾಡಿಗೆ ಸಂಘಟಕರೇ ಕೊಡಬೇಕು ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಒಂದೆರಡು ದಿನದ ಬಿಸಿಲಿಗೆ ನೆಲ ಎಷ್ಟೋ ಗಟ್ಟಿಯಾಗುತ್ತದೆ. ಬಿಚ್ಚುವ ಅಷ್ಟೂ ಹೊತ್ತು ಉದ್ಯಾನದ ಕಡೆಯ ಒಬ್ಬರು ಸ್ಥಳದಲ್ಲಿರಲೇಬೇಕು.

ಠೇವಣಿಯನ್ನು ಸುಮ್ಮನೆ ಒಂದು ದುಂಡು ಮೊತ್ತ ಎಂದು ಇಡಬಾರದು. ಕೆಟ್ಟ ಸ್ಥಿತಿಯಲ್ಲಿ ಎಷ್ಟು ಚದರ ಮೀಟರ್ ಹೋದೀತು, ಪ್ರತಿ ಚದರ ಮೀಟರಿನ ರಿಪೇರಿ ದರ ಎಷ್ಟು, ಮುಚ್ಚಿದ ಪ್ರತಿ ದಿನಕ್ಕೆ ಎಷ್ಟು ಎಂದು ಗುಣಿಸಿ ಪಟ್ಟಿಯನ್ನು ಲಗತ್ತಿಸಬೇಕು. ಮೊದಲ ಲಾರಿ ಒಳಬರುವ ಮುನ್ನ 10 ಮೀಟರಿಗೊಂದು ಗುರುತಿನಂತೆ ಚೌಕ ಹಾಕಿ, ಪ್ರತಿ ಚೌಕದ ಫೋಟೋ ತೆಗೆದು ಎರಡೂ ಕಡೆಯವರು ಸಹಿ ಮಾಡಬೇಕು. ಸಹಿ ಇಲ್ಲದ ಫೋಟೋಗೆ ಆಮೇಲೆ ಬೆಲೆ ಸಿಗುವುದು ಕಷ್ಟ.

ಗ್ಲೋಬಲ್ ಸಿಟಿಜನ್ ಉತ್ಸವ 2024ರಲ್ಲಿ ಮತ್ತೆ ಗ್ರೇಟ್ ಲಾನಿಗೇ ಬಂತು. ಸಾರ್ವಜನಿಕ ಬಯಲು ಜನ ಸೇರಲಿಕ್ಕೇ ಇರುವುದು, ಅದರಲ್ಲಿ ತಪ್ಪಿಲ್ಲ. ಹೊಸ ಹುಲ್ಲು ಬಂದ ಮೊದಲ ವರ್ಷ ಮಾತ್ರ ವ್ಯವಸ್ಥಾಪಕರು ಇನ್ನಷ್ಟು ಜಿಪುಣರಾಗಬೇಕು. ತೆರೆಯುವ ಮುನ್ನ ಹತ್ತಾರು ಕಡೆ ಹುಲ್ಲಿನ ಹಾಳೆಯ ಮೂಲೆ ಹಿಡಿದು ಮೆಲ್ಲಗೆ ಎತ್ತಿ ನೋಡಬೇಕು. ಮೇಲೆದ್ದು ಬಂದರೆ ಬೇರು ಇಳಿದಿಲ್ಲ, ಬೇಲಿ ಇನ್ನೆರಡು ವಾರ ಇರಲಿ. ಹುಲ್ಲನ್ನು 6ರಿಂದ 7 ಸೆಂಟಿಮೀಟರ್ ಎತ್ತರದಲ್ಲಿ ಬಿಟ್ಟು, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ವಸಂತದಲ್ಲಿ ಬೀಜ ಬಿತ್ತಿದ ಜಾಗಕ್ಕೆ ಕಳೆ ಮೊಳೆಯದಂತೆ ತಡೆಯುವ ಸಾಮಾನ್ಯ ಔಷಧಿ ಹಾಕಿದರೆ ಬಿತ್ತಿದ ಹುಲ್ಲೂ ಮೊಳೆಯುವುದಿಲ್ಲ. ಆ ಚೌಕಗಳಲ್ಲಿ ಬೇಸಿಗೆಯ ಕಳೆಯನ್ನು ಕೈಯಲ್ಲೇ ಕೀಳಲು ಆಳು ಗೊತ್ತುಮಾಡಿಟ್ಟಿರಬೇಕು.